ಗಣಿಯೂರಲ್ಲಿ ಕೂತು ಮ್ಯಾನೇಜ್‌ಮೆಂಟ್ ಕಲಿಯುವುದು



ಪಿಯುಸಿಯಲ್ಲಿ ಕಾಮರ್ಸ್ ತಗೊಂಡವರೆಲ್ಲ ಹೆನ್ರಿ ಫೆಯೋಲ್ ಎಂಬ ಹೆಸರನ್ನು ಒಮ್ಮೆಯಾದರೂ ಉರು ಹೊಡೆದಿರುತ್ತಾರೆ. ನಿರ್ವಹಣೆಯ ಹದಿನಾಲ್ಕು ತತ್ವಗಳು ಅಂತ ಒಂದು ದೊಡ್ಡ ಪ್ರಶ್ನೆ. ಪರೀಕ್ಷೆ ಮುಗಿದ ಮಾರನೆಯ ದಿನ ಹದಿನಾಲ್ಕರಲ್ಲಿ ನಾಲ್ಕು ನೆನಪಿದ್ದರೆ ಹೆಚ್ಚು. ಈ ಫೆಯೋಲ್ ಕಾಲೇಜು ಮೇಷ್ಟ್ರಲ್ಲ, ಗಣಿ ಇಂಜಿನಿಯರ್ ಎಂಬುದನ್ನು ನಮ್ಮ ಕೋಲಾರ ಚಿನ್ನದ ಗಣಿಯ, ಅಂದರೆ ಕೆಜಿಎಫ್‌ನ, ಮಕ್ಕಳಿಗೂ ಯಾರೂ ಒತ್ತಿ ಹೇಳಿದ ಹಾಗೆ ಕಾಣೆ.

1860ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಫ್ರಾನ್ಸಿನ ಕಮಾಂತ್ರಿ ಎಂಬಲ್ಲಿನ ಕಲ್ಲಿದ್ದಲು ಗಣಿಗೆ ಆತ ಕೆಲಸಕ್ಕೆ ಸೇರಿದ. ಮರುವರ್ಷ ಒಂದು ಬೆಳಿಗ್ಗೆ ಗಣಿಯೊಳಗೆ ಬಂಡಿ ಎಳೆಯುತ್ತಿದ್ದ ಕುದುರೆ ಕಾಲು ಮುರಿದುಕೊಂಡಿತು. ಬೇರೆ ಕುದುರೆ ಕೊಡಿ ಎಂದು ಫೆಯೋಲ್ ಚೀಟಿ ಬರೆದು ಕಳಿಸಿದ. ಲಾಯದವನು ಚೀಟಿಯನ್ನು ಹಾಗೇ ವಾಪಸು ಕಳಿಸಿದ: ಡೈರೆಕ್ಟರ್ ಸಹಿ ಇಲ್ಲ. ಡೈರೆಕ್ಟರ್ ಊರಲ್ಲಿರಲಿಲ್ಲ. ಅವರ ಬದಲು ಸಹಿ ಹಾಕುವವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಕುದುರೆ ಬರಲಿಲ್ಲ, ಆ ಹಂತದ ಕೆಲಸ ಅಷ್ಟೂ ನಿಂತಿತು. ಹುಡುಗ ಇದನ್ನು ಡೈರಿಯಲ್ಲಿ ಬರೆದಿಟ್ಟುಕೊಂಡ. ಅಧಿಕಾರ ಇರುವವನು ಎದ್ದು ಹೋದರೆ ಅಧಿಕಾರವೂ ಎದ್ದು ಹೋಗಬಾರದು, ಬದಲಿಗೆ ಇನ್ನೊಬ್ಬ ಇರಲೇಬೇಕು ಎಂಬುದು ಅವನಿಗೆ ಹೊಳೆದದ್ದು ಅಲ್ಲಿ. ಮುಂದೆ 1888ರಲ್ಲಿ, ಮುಳುಗುವ ಸ್ಥಿತಿಗೆ ಬಂದಿದ್ದ ಅದೇ ಕಂಪನಿಯ ಮುಖ್ಯಸ್ಥನಾಗಿ ಅದನ್ನು ಎತ್ತಿ ನಿಲ್ಲಿಸಿದ. 1916ರಲ್ಲಿ, ಎಪ್ಪತ್ತೈದರ ಅಂಚಿನಲ್ಲಿ, ಪುಸ್ತಕ ಬರೆದ. ಇಂದು ಜಗತ್ತಿನ ಯಾವ ಮ್ಯಾನೇಜ್‌ಮೆಂಟ್ ಕೋರ್ಸಿನ ಮೊದಲ ವಾರ ತೆಗೆದು ನೋಡಿದರೂ ಆ ಪುಸ್ತಕದ ನೆರಳು ಇದ್ದೇ ಇರುತ್ತದೆ.

ಕುದುರೆಯ ಕಥೆಯನ್ನು ಯಾಕೆ ಹೇಳಿದೆ ಎಂದರೆ, ಇದರಂಥ ಕಥೆ ಕೆಜಿಎಫ್‌ನ ಲೈನ್ ಮನೆಗಳಲ್ಲಿ ಬೆಳೆದ ಯಾರ ಹತ್ತಿರ ಬೇಕಾದರೂ ಇದೆ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಬಂದದ್ದು 1880ರಲ್ಲಿ. (ಪಠ್ಯಪುಸ್ತಕದಲ್ಲಿ ಬರುವ ವೈಜ್ಞಾನಿಕ ನಿರ್ವಹಣೆಯ ಟೇಲರ್ ಬೇರೆ. ಆತ ಅಮೆರಿಕದ ಉಕ್ಕಿನ ಕಾರ್ಖಾನೆಯವನು, ಫ್ರೆಡರಿಕ್ ಟೇಲರ್. ವಿದ್ಯಾರ್ಥಿಗಳು ಇಬ್ಬರನ್ನೂ ಒಬ್ಬನೇ ಮಾಡಿಬಿಡುವುದುಂಟು.) 1902ರಲ್ಲಿ ಶಿವನಸಮುದ್ರದಿಂದ ಸುಮಾರು ನೂರೈವತ್ತು ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟು ತಂದರು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, ಆಮೇಲೆ ಕೇಂದ್ರದ ಕೈಗೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಭೂಮಿಯೊಳಗೆ 3 ಕಿಲೋಮೀಟರಿಗೂ ಆಳಕ್ಕೆ ಜನರನ್ನು ಇಳಿಸಿ, ಮತ್ತೆ ಮೇಲೆ ತರುವ ಕೆಲಸ. ಯಾರು ಒಳಗಿದ್ದಾರೆ, ಯಾರು ಹೊರಗೆ ಬಂದರು ಎಂಬ ಲೆಕ್ಕ ಒಂದು ಶಿಫ್ಟಿನಲ್ಲೂ ತಪ್ಪುವಂತಿಲ್ಲ. ಶಿಫ್ಟು, ಮೇಸ್ತ್ರಿ, ಕಂಟ್ರಾಕ್ಟರ್, ಸ್ಟೋರ್ಸು, ಆಸ್ಪತ್ರೆ, ನೀರು, ಎಲ್ಲವೂ ಒಂದು ಕಂಪನಿಯ ಅಡಿ. 2001ರ ಫೆಬ್ರವರಿ 28ಕ್ಕೆ ಅದೆಲ್ಲ ನಿಂತಿತು. ಉಳಿದದ್ದು ಸೈನೈಡ್ ದಿಬ್ಬಗಳು, ಮತ್ತು ಬೆಳಿಗ್ಗೆ ಬೆಂಗಳೂರಿಗೆ ಹೋಗುವ ರೈಲು.

ಇವತ್ತಿನ ಮಾತು ಆ ರೈಲಿನಲ್ಲಿ ಹೋಗುವವರಿಗೆ. ಮಾರಿಕುಪ್ಪಂನಲ್ಲಿ ಹತ್ತಿ, ಊರ್ಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬರುವಷ್ಟರಲ್ಲಿ ಸೀಟೆಲ್ಲ ತುಂಬಿರುತ್ತದೆ. ಟೇಕಲ್, ಮಾಲೂರಿನಲ್ಲಿ ಹತ್ತಿದವರು ನಿಂತೇ ಹೋಗಬೇಕು. ವೈಟ್‌ಫೀಲ್ಡಿಗೋ ಕೆ.ಆರ್. ಪುರಕ್ಕೋ ಹೋಗಿ ಕೆಲಸ ಮಾಡಿ, ರಾತ್ರಿ ಮನೆ ಸೇರುವ ಜನ. ಜೊತೆಗೆ ನರಸಾಪುರದ ಕಾರ್ಖಾನೆಗಳಿಗೆ ಕಂಪನಿ ಬಸ್ಸಿನಲ್ಲಿ ಹೋಗುವ ಹೆಣ್ಣುಮಕ್ಕಳು. ಇವರಲ್ಲಿ ಬಹಳ ಮಂದಿಗೆ ಒಂದೇ ಸಮಸ್ಯೆ. ಕೆಲಸ ಗೊತ್ತು, ಐದಾರು ವರ್ಷದ ಅನುಭವವಿದೆ, ಆದರೆ ಸೂಪರ್‌ವೈಸರ್ ಹುದ್ದೆಗೆ ಹೊರಗಿನಿಂದ ಎಂಬಿಎ ಮಾಡಿದವರು ಬಂದು ಕೂರುತ್ತಾರೆ. ನಮ್ಮ ಬೀದಿಯ ಒಬ್ಬ ಹುಡುಗ, ಗೋದಾಮಿನಲ್ಲಿ ಕೆಲಸ ಮಾಡುವವನು, ಒಂದು ಸಂಜೆ ಬಂದು ಕೇಳಿದ: “ಸಾರ್, ಫೋನಲ್ಲೇ ಮ್ಯಾನೇಜ್‌ಮೆಂಟ್ ಓದಬಹುದಂತೆ, ನಿಜಾನಾ? ಎಲ್ಲಿಂದ ಶುರು ಮಾಡ್ಲಿ?”

ನಿಜ ಕಣಪ್ಪಾ ಅಂದೆ. ಓದುವವನಿರುವ ಜಾಗಕ್ಕೇ ಪಾಠ ಬರುವುದು ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ. 1969ರಲ್ಲೇ ಮೈಸೂರು ವಿಶ್ವವಿದ್ಯಾಲಯ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತ್ತು, 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ದೆಹಲಿಯ ಮುಕ್ತ ವಿಶ್ವವಿದ್ಯಾಲಯ ಇಗ್ನೋ 1987ರಲ್ಲಿ ಮೊದಲು ಬಾಗಿಲು ತೆರೆದದ್ದೇ ಎರಡು ಡಿಪ್ಲೊಮಾಗಳಿಂದ, ಅದರಲ್ಲಿ ಒಂದು ಮ್ಯಾನೇಜ್‌ಮೆಂಟ್. ಆಗ ಪಾಠದ ಕಟ್ಟು ಅಂಚೆಯಣ್ಣನ ಕೈಯಲ್ಲಿ ಬರುತ್ತಿತ್ತು. ಈಗ 2017ರ ಜುಲೈನಿಂದ ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಆನ್‌ಲೈನ್ ಕೋರ್ಸುಗಳ ತಾಣ ಇದೆ. ಅದರಲ್ಲಿ ಮ್ಯಾನೇಜ್‌ಮೆಂಟ್ ವಿಷಯಗಳ ಹೊಣೆ ಬೆಂಗಳೂರಿನ ಐಐಎಂನದು. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಶುರುಮಾಡಿದ ಎನ್‌ಪಿಟಿಇಎಲ್‌ನಲ್ಲೂ ಮ್ಯಾನೇಜ್‌ಮೆಂಟ್ ಪಾಠಗಳು ಬೇಕಾದಷ್ಟಿವೆ. ಸೇರಲು, ಪಾಠ ನೋಡಲು ಕಾಸು ಕೊಡಬೇಕಿಲ್ಲ. ಸರ್ಟಿಫಿಕೇಟು ಬೇಕೆಂದರೆ ಮಾತ್ರ ಪರೀಕ್ಷೆಗೆ ಶುಲ್ಕ.

ಇಷ್ಟು ಸುಲಭವಿದ್ದರೆ ಎಲ್ಲರೂ ಯಾಕೆ ಮುಗಿಸುವುದಿಲ್ಲ? ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿ 2012-13ರಲ್ಲಿ ಮೊದಲ ಸಲ ಇಂಥ 17 ಕೋರ್ಸುಗಳನ್ನು ನಡೆಸಿ, ಲೆಕ್ಕವನ್ನು ಮುಚ್ಚಿಡದೆ ಬಯಲಿಗಿಟ್ಟವು. ನೋಂದಣಿ 8,41,687. ಸರ್ಟಿಫಿಕೇಟು ಪಡೆದದ್ದು 43,196. ಅಂದರೆ ನೂರಕ್ಕೆ ಐದು. ಇದಕ್ಕಿಂತ ನನಗೆ ಆಶ್ಚರ್ಯ ತಂದದ್ದು ಇನ್ನೊಂದು ಅಂಕಿ. ನೂರಕ್ಕೆ ಮೂವತ್ತೈದು ನೋಂದಣಿಗಳಲ್ಲಿ ಹೆಸರು ಬರೆಸಿದ ಮೇಲೆ ಪಾಠದ ಬಾಗಿಲನ್ನೇ ತೆರೆದಿಲ್ಲ. ಪಾಠ ಕಷ್ಟವಾಗಿ ಬಿಟ್ಟವರಲ್ಲ ಅವರು, ಪಾಠವನ್ನೇ ನೋಡದವರು. ಉಳಿದವರಲ್ಲೂ ಹೆಚ್ಚಿನವರು ಅರ್ಧ ದಾರಿಗೆ ಮೊದಲೇ ನಿಂತರು. ಅರ್ಧ ದಾಟಿದವರಲ್ಲಿ ಮಾತ್ರ ಅರ್ಧಕ್ಕಿಂತ ಹೆಚ್ಚು ಮಂದಿ ಸರ್ಟಿಫಿಕೇಟಿನವರೆಗೂ ಹೋದರು. ಹಾಗಾಗಿ ಇಡೀ ಕೋರ್ಸಿನ ಕಷ್ಟ ಇರುವುದು ಶುರುವಿನಲ್ಲಿ, ಮೊದಲ ಮೂರು ನಾಲ್ಕು ವಾರದಲ್ಲಿ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಕಾಲೇಜಿನಲ್ಲಿ ಗಂಟೆ ಹೊಡೆಯುವವರಿದ್ದಾರೆ, ಹಾಜರಿ ಕರೆಯುವವರಿದ್ದಾರೆ, ಬರದಿದ್ದರೆ ಮನೆಗೆ ಕಾಗದ ಹೋಗುತ್ತದೆ. ಇಲ್ಲಿ ಅದಾವುದೂ ಇಲ್ಲ. ಯೋಜನೆ ಹಾಕುವವನು, ಆಜ್ಞೆ ಕೊಡುವವನು, ಕೆಲಸ ಮಾಡುವವನು, ಕೊನೆಗೆ ಮೇಲ್ವಿಚಾರಣೆ ಮಾಡುವವನು, ಎಲ್ಲವೂ ಒಬ್ಬನೇ. ನಿರ್ವಹಣೆ ಎಂದರೆ ಐದು ಕೆಲಸ ಎಂದು ಫೆಯೋಲ್ ಹೇಳಿದ್ದ. ಅವನ್ನು ಪುಸ್ತಕದಲ್ಲಿ ಓದುವ ಮೊದಲೇ ಓದುವವನು ತನ್ನ ಮೇಲೆಯೇ ಮಾಡಿ ನೋಡಬೇಕಾಗುತ್ತದೆ. ಮ್ಯಾನೇಜ್‌ಮೆಂಟ್ ಕೋರ್ಸಿನಲ್ಲಿ ಇದೊಂದು ತಮಾಷೆ.

ಆದ್ದರಿಂದ ಆ ಹುಡುಗನಿಗೆ ನಾನು ಮೊದಲು ಕೇಳಿದ್ದು ಯಾವ ಕೋರ್ಸು ಅಂತಲ್ಲ, ಯಾವ ಹೊತ್ತು ಅಂತ. “ರೈಲಲ್ಲೇ ನೋಡ್ತೀನಿ ಸಾರ್” ಅಂದ. ಎಲ್ಲರೂ ಮೊದಲು ಹಾಗೇ ಅನ್ನುತ್ತಾರೆ. ಬೆಳಿಗ್ಗೆಯ ರೈಲಿನಲ್ಲಿ ಒಂದು ಕೈ ಸರಪಳಿಗೆ, ಒಂದು ಕೈ ಚೀಲಕ್ಕೆ. ಮಧ್ಯೆ ಸಿಗ್ನಲ್ ಹೋಗುತ್ತದೆ, ಪಕ್ಕದವರು ಇಸ್ಪೀಟು ಹಾಕಿರುತ್ತಾರೆ. ವಿಡಿಯೊ ನೋಡಿದ ಹಾಗಾಗುತ್ತದೆಯೇ ಹೊರತು ಓದಿದ ಹಾಗಾಗುವುದಿಲ್ಲ. ರೈಲನ್ನು ಎರಡನೆಯ ಸಲ ಕೇಳುವುದಕ್ಕೆ ಇಟ್ಟುಕೊಳ್ಳಬಹುದು. ಮನೆಯಲ್ಲಿ ಒಮ್ಮೆ ನೋಡಿ, ಬರೆದುಕೊಂಡ ಪಾಠವನ್ನು ರಾತ್ರಿಯೇ ಇಳಿಸಿಟ್ಟುಕೊಂಡು ಕಿವಿಗೆ ಹಾಕಿಕೊಳ್ಳುವುದು. ಮೊದಲ ಸಲದ ಓದಿಗೆ ಬೇರೆ ಹೊತ್ತು ಬೇಕು. ವಾರದ ರಜೆಯ ದಿನ ಬೆಳಿಗ್ಗೆ ಎರಡು ಗಂಟೆ, ನಡುವೆ ಒಂದು ರಾತ್ರಿ ಮುಕ್ಕಾಲು ಗಂಟೆ. ಆ ಹೊತ್ತು ಮನೆಯವರಿಗೂ ಗೊತ್ತಿರಬೇಕು. ಅವನ ತಾಯಿ ಅಂದು ನನ್ನೆದುರೇ ಹೇಳಿದರು: “ಅಂಗಡಿಗೆ ಹೋಗಿ ಬಾ ಅಂತ ಆ ಹೊತ್ತಲ್ಲಿ ಕಳ್ಸಲ್ಲ ಬಿಡಿ ಸಾರ್.” ಕೋರ್ಸಿಗೆ ಸಿಕ್ಕ ಮೊದಲ ಬಂಡವಾಳ ಅದು.

ಕೋರ್ಸಿನ ಆಯ್ಕೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ. ನಾಲ್ಕು ವಾರದ್ದು, ಎಂಟು ವಾರದ್ದು, ಹನ್ನೆರಡು ವಾರದ್ದು ಇರುತ್ತವೆ. ಮೊದಲ ಸಲ ಹನ್ನೆರಡಕ್ಕೆ ಕೈ ಹಾಕಬೇಡಿ. ‘ಸ್ಟ್ರಾಟೆಜಿ’, ‘ಲೀಡರ್‌ಶಿಪ್’ ಎಂಬ ಆಕರ್ಷಕ ಹೆಸರಿನವನ್ನು ಆಮೇಲೆ ನೋಡಿಕೊಳ್ಳಬಹುದು. ಗೋದಾಮಿನಲ್ಲಿರುವವರು ಸರಕು ನಿರ್ವಹಣೆ ಅಥವಾ ಆಪರೇಷನ್ಸ್ ತಗೊಳ್ಳಲಿ, ಅಂಗಡಿ ಇಟ್ಟವರು ಲೆಕ್ಕಪತ್ರ. ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಎನ್‌ಪಿಟಿಇಎಲ್‌ನ ಕೆಲವು ಪಾಠಗಳ ಬರಹ ರೂಪ ಕನ್ನಡದಲ್ಲೂ ಸಿಗುತ್ತದೆ. ಮನೆಯಲ್ಲಿ ತಮಿಳೋ ತೆಲುಗೋ, ಬೀದಿಯಲ್ಲಿ ಕನ್ನಡ, ಆಫೀಸಿನಲ್ಲಿ ಇಂಗ್ಲಿಷ್ ಎಂದು ಮೂರು ನಾಲ್ಕು ಭಾಷೆಯಲ್ಲಿ ಓಡಾಡುವ ಕೆಜಿಎಫ್‌ನವರಿಗೆ ಭಾಷೆಯ ಭಯ ಇರಬಾರದು. ನೋಟ್ಸನ್ನು ಯಾವ ಭಾಷೆಯಲ್ಲಿ ಜಗಳ ಆಡುತ್ತೀರೋ ಆ ಭಾಷೆಯಲ್ಲೇ ಬರೆದುಕೊಳ್ಳಿ.

ಇನ್ನು ನನಗೆ ಮುಖ್ಯ ಅನ್ನಿಸುವ ವಿಷಯ. ಈ ಕೋರ್ಸುಗಳಲ್ಲಿ ಉದಾಹರಣೆಗಳೆಲ್ಲ ಅಮೆರಿಕದ ವಿಮಾನ ಕಂಪನಿ, ಜಪಾನಿನ ಕಾರು, ಎಲ್ಲಿಯದೋ ಕಾಫಿ ಅಂಗಡಿ. ಅವು ಇರಲಿ. ಆದರೆ ಪಾಠ ಮನಸ್ಸಿನಲ್ಲಿ ನಿಲ್ಲಬೇಕಾದರೆ ಪ್ರತಿ ವಾರದ ವಿಷಯಕ್ಕೂ ನಮ್ಮ ಕಣ್ಣೆದುರಿನದೊಂದನ್ನು ಹುಡುಕಿ, ಒಂದು ಪುಟ ಬರೆಯಬೇಕು.

ಬಂಗಾರಪೇಟೆಯ ಪಾನಿಪುರಿಯನ್ನೇ ತಗೊಳ್ಳಿ. ನೀರಿನಷ್ಟು ತಿಳಿಯಾದ, ಬಾಯಿಗಿಟ್ಟ ಮೇಲೆ ಕಿವಿಯಲ್ಲಿ ಹೊಗೆ ತರಿಸುವ ಆ ಪಾನಿ ಈಗ ಬೆಂಗಳೂರಿನ ಬಡಾವಣೆಗಳಿಗೂ ಹೋಗಿದೆ. ‘ಬಂಗಾರಪೇಟೆ ಚಾಟ್ಸ್’ ಎಂಬ ಫಲಕ ಎಲ್ಲೆಲ್ಲೂ ಕಾಣುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ಹಾಕಿಕೊಂಡವರಲ್ಲಿ ಬಂಗಾರಪೇಟೆಯ ಸ್ಟೇಷನ್ ನೋಡದವರೂ ಇರಬಹುದು. ಯಾರ ಸ್ವತ್ತೂ ಅಲ್ಲದ ಒಂದು ಬ್ರಾಂಡು ಇಷ್ಟು ದೂರ ಹೇಗೆ ಹೋಯಿತು, ಒಬ್ಬ ಕೆಟ್ಟ ಪಾನಿ ಕೊಟ್ಟರೆ ಪೆಟ್ಟು ಯಾರಿಗೆ ಬೀಳುತ್ತದೆ? ಮಾರ್ಕೆಟಿಂಗ್ ಪಾಠದ ವಾರಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕಿಲ್ಲ.

ಆಪರೇಷನ್ಸ್ ಓದುವವರು ಸಂಜೆ ಆರೂವರೆಯ ನಂತರ ಗಾಡಿಯೊಂದರ ಪಕ್ಕ ಸುಮ್ಮನೆ ನಿಲ್ಲಲಿ. ಒಬ್ಬ ಹೆಬ್ಬೆರಳಿನಿಂದ ಪುರಿಯ ನೆತ್ತಿ ಒಡೆಯುತ್ತಾನೆ, ಈರುಳ್ಳಿ, ಕ್ಯಾರೆಟ್ ತುರಿ ತುಂಬುತ್ತಾನೆ. ಇನ್ನೊಬ್ಬ ಪಾನಿ ಹಾಕಿ ಕೊಡುತ್ತಾನೆ. ಗಿರಾಕಿಗಳು ಕಾಯುತ್ತಿದ್ದಾರೆ. ಯಾವುದಕ್ಕಾಗಿ ಕಾಯುತ್ತಿದ್ದಾರೆ? ಮೊದಲೆಲ್ಲ ಚಿಲ್ಲರೆಗಾಗಿ. ಪುರಿ ತುಂಬುವ ಕೈಯೇ ಒರೆಸಿಕೊಂಡು, ಡಬ್ಬಿ ತೆಗೆದು, ಐದು ರೂಪಾಯಿ ಹುಡುಕಿ ಕೊಡಬೇಕಿತ್ತು. ಅಷ್ಟು ಹೊತ್ತು ಗಾಡಿಯೇ ನಿಂತ ಹಾಗೆ. ಈಗ ಸ್ಕ್ಯಾನ್ ಮಾಡುತ್ತಾರೆ, ಪೆಟ್ಟಿಗೆ ತಾನೇ ಕೂಗಿ ದುಡ್ಡು ಬಂತು ಎನ್ನುತ್ತದೆ. ಹಾಗಾದರೆ ಸಾಲು ಮಾಯವಾಯಿತೇ? ಇಲ್ಲ, ಈಗ ತಟ್ಟೆಗಾಗಿ ಕಾಯುತ್ತಾರೆ. ತೊಳೆಯುವ ಹುಡುಗ ಒಬ್ಬನೇ, ಬಕೆಟ್ಟು ಎರಡೇ. ಇನ್ನೂ ವೇಗವಾಗಿ ಪುರಿ ತುಂಬುವವನನ್ನು ತಂದರೆ ಒಂದು ತಟ್ಟೆಯೂ ಹೆಚ್ಚು ಹೋಗುವುದಿಲ್ಲ. ಎಲಿಯಾಹು ಗೋಲ್ಡ್‌ರಾಟ್ 1984ರಲ್ಲಿ ‘ದ ಗೋಲ್’ ಎಂಬ ಕಾದಂಬರಿಯನ್ನೇ ಬರೆದು ಹೇಳಿದ ಬಾಟಲ್‌ನೆಕ್ ಇದೇ: ಇಡೀ ಕೆಲಸದ ವೇಗ ಅತಿ ನಿಧಾನದ ಹಂತದಷ್ಟೇ, ಒಂದನ್ನು ಸರಿಮಾಡಿದರೆ ಅದು ಇನ್ನೊಂದು ಕಡೆಗೆ ಸರಿಯುತ್ತದೆ. ನಮ್ಮ ಹುಡುಗ ಇದನ್ನು ನೋಡಿ ಬಂದವನು ತನ್ನ ಗೋದಾಮಿನಲ್ಲೂ ಹುಡುಕಿದ. ಪ್ಯಾಕಿಂಗ್ ನಿಧಾನ ಅಂತ ಎಲ್ಲರೂ ಬೈಯುತ್ತಿದ್ದರಂತೆ, ನಿಜಕ್ಕೂ ತಡವಾಗುತ್ತಿದ್ದದ್ದು ಲೇಬಲ್ ಪ್ರಿಂಟರಿನ ಮುಂದೆ.

ಇನ್ನೊಂದು ಪುಟ ಸ್ವಲ್ಪ ಗಂಭೀರವಾದದ್ದು. ಮಾನವ ಸಂಪನ್ಮೂಲ ಎಂಬ ವಿಭಾಗ ಬಂದಾಗ ಎಲ್ಲರಿಗೂ ನಿದ್ದೆ ಬರುತ್ತದೆ. ಹಾಜರಿ, ವೇತನ, ಕುಂದುಕೊರತೆ, ಓದಿದ್ದೇ ಓದಿದ ಹಾಗೆ. ಆಗ 1930ನ್ನು ನೆನೆಯಿರಿ. ಆ ವರ್ಷ ಚಿನ್ನದ ಗಣಿಯ ಕೂಲಿಗಳ ಬೆರಳಚ್ಚು ತಗೊಂಡು ಕಡ್ಡಾಯವಾಗಿ ನೋಂದಾಯಿಸುವ ಕ್ರಮ ಬಂತು. ಕಂಪನಿಯ ಕಣ್ಣಿಗೆ ಅದು ಯಾರು ಯಾರೆಂದು ಗುರುತು ಹಿಡಿಯುವ ಒಂದು ಸಾಧನ. ಕಾರ್ಮಿಕರ ಕಣ್ಣಿಗೆ ಬೆರಳಚ್ಚು ಕೊಡುವವರು ಕಳ್ಳರು. ಸಾವಿರಾರು ಜನ ಕೆಲಸ ಬಿಟ್ಟು ಹೊರಗೆ ಬಂದರು, ಗಣಿ ಸುಮಾರು ಮೂರು ವಾರ ನಿಂತಿತು. ಜಗಳ ಶುರುವಾದದ್ದು ಕೂಲಿಯ ದರಕ್ಕಲ್ಲ, ಲೆಕ್ಕ ಇಡುವ ವಿಧಾನಕ್ಕೆ.

ಅಲ್ಲಿಂದ ತೊಂಬತ್ತು ವರ್ಷ ಮುಂದೆ ಬನ್ನಿ. ಅದೇ ಕೋಲಾರ ಜಿಲ್ಲೆ, ನರಸಾಪುರ. 2020ರ ಡಿಸೆಂಬರ್ 12ರ ಬೆಳಿಗ್ಗೆ ತೈವಾನಿನ ವಿಸ್ಟ್ರಾನ್ ಕಂಪನಿಯ ಐಫೋನ್ ಕಾರ್ಖಾನೆಯಲ್ಲಿ ಕೆಲಸಗಾರರು ಸಿಡಿದೆದ್ದರು, ಗಾಜು ಪುಡಿಪುಡಿಯಾಯಿತು, ವಾಹನಗಳಿಗೆ ಬೆಂಕಿ ಬಿತ್ತು. ಹಿಂಸೆಯನ್ನು ಯಾರೂ ಒಪ್ಪಲಾಗದು, ನಾನೂ ಒಪ್ಪುವುದಿಲ್ಲ. ಆದರೆ ಆಮೇಲೆ ಕಾರ್ಖಾನೆಗಳ ಇಲಾಖೆಯವರು ಹೋಗಿ ನೋಡಿದಾಗ ಕಂಡದ್ದೇನು? ಕೆಲವೇ ತಿಂಗಳಲ್ಲಿ ಕೆಲಸಗಾರರ ಸಂಖ್ಯೆ ಹತ್ತು ಸಾವಿರ ದಾಟಿತ್ತು, ಅಷ್ಟು ಜನರ ಲೆಕ್ಕ ಇಡುವ ವ್ಯವಸ್ಥೆ ಅದಕ್ಕೆ ತಕ್ಕಂತೆ ಬೆಳೆದಿರಲಿಲ್ಲ. ಎಂಟು ಗಂಟೆಯ ಪಾಳಿ ಹನ್ನೆರಡಕ್ಕೆ ಏರಿತ್ತು. ಹಾಜರಿ ಯಂತ್ರದ ಲೆಕ್ಕ ಸರಿ ಇರಲಿಲ್ಲ. ಕೆಲವರಿಗೆ ಸಂಬಳ ಸರಿಯಾಗಿ, ಹೊತ್ತಿಗೆ ಸರಿಯಾಗಿ ಸಿಕ್ಕಿಲ್ಲವೆಂದು ಕಂಪನಿಯೇ ಒಪ್ಪಿ, ಕ್ಷಮೆ ಕೇಳಿ, ಭಾರತದ ವಹಿವಾಟು ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. 2023ರಲ್ಲಿ ಆ ಕಾರ್ಖಾನೆ ಟಾಟಾದವರ ಪಾಲಾಯಿತು.

ಈ ಎರಡನ್ನೂ ಒಂದೇ ಪುಟದಲ್ಲಿಟ್ಟು ನೋಡಿ. ಹಾಜರಿಯನ್ನು ಮ್ಯಾನೇಜ್‌ಮೆಂಟ್ ಬರೀ ದಾಖಲೆ ಎಂದುಕೊಂಡಿರುತ್ತದೆ, ಕೆಲಸಗಾರನಿಗೆ ಅದು ತನ್ನನ್ನು ಮನುಷ್ಯ ಎಂದು ಲೆಕ್ಕಕ್ಕೆ ತಗೊಂಡಿದ್ದಾರೋ ಇಲ್ಲವೋ ಎಂಬ ಪ್ರಶ್ನೆ. ಇದನ್ನು ಕಾರ್ಖಾನೆಯ ಕ್ಯೂನಲ್ಲಿ ನಿಂತು ಪಂಚ್ ಮಾಡಿದ ಹುಡುಗಿ ಬರೆಯುವಷ್ಟು ಚೆನ್ನಾಗಿ ಪಟ್ಟಣದ ಕ್ಯಾಂಪಸ್ಸಿನ ವಿದ್ಯಾರ್ಥಿ ಬರೆಯಲಾರ. ಹಾಗೆಂದು ಅನುಭವವೊಂದೇ ಸಾಕು, ಕೋರ್ಸು ಯಾಕೆ ಎಂದು ಹೇಳುವವರ ಪೈಕಿ ನಾನಲ್ಲ. ಅನುಭವಕ್ಕೆ ಹೆಸರು, ಕ್ರಮ ಸಿಗದಿದ್ದರೆ ಅದು ಇಂಟರ್‌ವ್ಯೂನಲ್ಲಿ ಬಾಯಿಗೆ ಬರುವುದಿಲ್ಲ. ಕಮಾಂತ್ರಿಯ ಆ ಹುಡುಗ ಕುದುರೆಯ ಸಂಗತಿಯನ್ನು ಬರೆದಿಡದೆ ಬರೀ ಲಾಯದವನನ್ನು ಬೈದುಕೊಂಡು ಸುಮ್ಮನಾಗಿದ್ದರೆ ಹದಿನಾಲ್ಕು ತತ್ವಗಳೂ ಇರುತ್ತಿರಲಿಲ್ಲ.

ಒಂದು ಎಚ್ಚರಿಕೆ. ಕೋರ್ಸು ಬೇರೆ, ಪದವಿ ಬೇರೆ. ಎಂಟು ವಾರದ ಸರ್ಟಿಫಿಕೇಟು ಎಂಬಿಎ ಅಲ್ಲ. ಹತ್ತು ದಿನದಲ್ಲಿ ಎಂಬಿಎ ಎಂಬ ಜಾಹೀರಾತುಗಳ ಬಗ್ಗೆ ಯುಜಿಸಿಯೇ 2024ರಲ್ಲಿ ಜನರನ್ನು ಎಚ್ಚರಿಸಬೇಕಾಯಿತು. ಆನ್‌ಲೈನ್ ಪದವಿ ಬೇಕೆಂದರೆ ಆ ವಿಶ್ವವಿದ್ಯಾಲಯಕ್ಕೆ ಆ ವರ್ಷ ಅನುಮತಿ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ನೋಡಿಕೊಂಡೇ ಹಣ ಕಟ್ಟಿ. ಬಸ್ ಸ್ಟ್ಯಾಂಡಿನ ಮಹಡಿಯ ಮೇಲೆ ‘ನಮ್ಮದು ಫ್ರಾಂಚೈಸಿ’ ಎನ್ನುವವರಿಗೆ ಒಂದು ಪೈಸೆಯೂ ಬೇಡ, ಫ್ರಾಂಚೈಸಿ ಕೊಟ್ಟು ಪದವಿ ನಡೆಸಲು ಅವಕಾಶವೇ ಇಲ್ಲ. ಕಾಲೇಜಿನಲ್ಲಿ ಓದುತ್ತಿರುವವರ ಮಾತು ಬೇರೆ. ಅವರ ಕಾಲೇಜು ಒಪ್ಪಿದರೆ ಸ್ವಯಂ ಕೋರ್ಸಿನ ಕ್ರೆಡಿಟ್ಟು ಡಿಗ್ರಿಯ ಲೆಕ್ಕಕ್ಕೆ ಬರುತ್ತದೆ. ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನಲ್ಲಿ ನೂರಕ್ಕೆ ನಲವತ್ತರವರೆಗೆ.

ಕೊನೆಗೆ, ಶುರುಮಾಡುವವರಿಗೆ ಬೇಕಾದ ಸಣ್ಣಪುಟ್ಟ ವಿವರಗಳು. ಕೋರ್ಸುಗಳು ವರ್ಷಕ್ಕೆ ಎರಡು ಸಲ, ಜನವರಿಗೆ ಮತ್ತು ಜುಲೈಗೆ ಶುರುವಾಗುತ್ತವೆ. ಹೆಸರು ನೋಂದಾಯಿಸುವಾಗ ಸರ್ಟಿಫಿಕೇಟಿನ ಮೇಲೆ ಹೇಗೆ ಬರಬೇಕೋ ಹಾಗೇ ಬರೆಯಿರಿ. ನಮ್ಮ ಕಡೆ ಇನಿಷಿಯಲ್ ಒಂದು ಕಾರ್ಡಿನಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುತ್ತದೆ, ಪರೀಕ್ಷೆಯ ದಿನ ತಕರಾರು ಬೇಡ. ಸೇರುವುದು ಬೇರೆ, ಪರೀಕ್ಷೆಗೆ ನೋಂದಾಯಿಸುವುದು ಬೇರೆ. ಎರಡನೆಯದಕ್ಕೆ ಬೇರೆ ಕಡೆಯ ದಿನಾಂಕ ಇರುತ್ತದೆ, ಅದನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಮಾಡಿ. ಪರೀಕ್ಷೆ ಮಾತ್ರ ಫೋನಿನಲ್ಲಲ್ಲ, ಕೇಂದ್ರಕ್ಕೆ ಹೋಗಿ ಬರೆಯಬೇಕು. ಎನ್‌ಪಿಟಿಇಎಲ್ ಲೆಕ್ಕದಲ್ಲಿ ವಾರವಾರದ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಅದರಲ್ಲಿ 10, ಇದರಲ್ಲಿ 30 ಬಂದರೆ ಪಾಸು.

ಮತ್ತೆ ಇನ್ನೊಂದು. ಎಂಟು ವಾರದ ಕೋರ್ಸಿನಲ್ಲಿ ಎಂಟು ಅಸೈನ್‌ಮೆಂಟ್ ಇದ್ದರೂ ಚೆನ್ನಾಗಿ ಮಾಡಿದ ಆರನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳುತ್ತಾರೆ. ಹಬ್ಬವೋ, ಓವರ್‌ಟೈಮೋ, ಮನೆಯಲ್ಲಿ ಜ್ವರವೋ ಬಂದು ಒಂದು ವಾರ ತಪ್ಪಿತೆಂದು ಕೋರ್ಸನ್ನೇ ಬಿಡುವ ಅಗತ್ಯ ಇಲ್ಲ. ಅಂಥ ಎರಡು ವಾರಕ್ಕೆ ಅವರೇ ಜಾಗ ಬಿಟ್ಟಿದ್ದಾರೆ. ಆದರೆ ಆ ಎರಡನ್ನೂ ಮೊದಲ ತಿಂಗಳಲ್ಲೇ ಖರ್ಚು ಮಾಡಿಬಿಡಬೇಡಿ.